ಯಾರದೋ ಮುಷ್ಟಿಯಲ್ಲಿ ನಮ್ಮನೆ ಬೀಗದ ಕೈ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಮಧ್ಯಾಹ್ನ. ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಗುರುತು ಪರಿಚಯವಿಲ್ಲದ ಒಬ್ಬರಿಗೆ ಸಹಾಯ ಮಾಡಿದೆ. ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಯಾಕಾದರೂ ಮಾಡಿದೆನೋ ಎಂದು ನಡುಗಿಹೋದೆ.

ಬೀದಿಯಲ್ಲಿ ಯಾರಿಗೇನಾದರೂ ನನಗೆ ಸುಮ್ಮನಿರಲು ಆಗುವುದಿಲ್ಲ. ವಿಳಾಸ ಕೇಳಿದವರನ್ನು ಅವರ ಬಾಗಿಲತನಕ ಬಿಟ್ಟು ಬರುವವಳು ನಾನು. ‘ಊರ ಉಸಾಬರಿಯೆಲ್ಲ ನಿನಗೇ ಬೇಕು’ ಎಂದು ನಮ್ಮ ಯಜಮಾನರು ರೇಗಿಸುತ್ತಲೇ ಇರುತ್ತಾರೆ. ಇಷ್ಟೆಲ್ಲ ಊರಿನ ಕಷ್ಟ ವಿಚಾರಿಸುವ ನಾನು ನಮ್ಮ ಮನೆಯದೇ ಒಂದು ಕಷ್ಟವನ್ನು ಎರಡು ವರ್ಷದಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಮ್ಮತ್ತೆಗೆ ಮರೆವಿನ ಕಾಯಿಲೆ. ಉಪ್ಪಾರಹಳ್ಳಿಯ ಮನೆಯಲ್ಲಿ ನಾವು ಮೂರೇ ಜನ. ಯಜಮಾನರು ಕುಣಿಗಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅತ್ತೆ ಇದ್ದಕ್ಕಿದ್ದ ಹಾಗೆ ಸೆರಗು ಹೊದ್ದುಕೊಂಡು, ‘ಅಪ್ಪ ಕಾಯ್ತಾವ್ನೆ, ಹೆಬ್ಬೂರಿಗೆ ಹೋಯ್ತೀನಿ’ ಎಂದು ಹೊರಟುಬಿಡುತ್ತಿದ್ದರು. ಹೆಬ್ಬೂರು ಅವರ ತವರು. ಅವರಪ್ಪ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಒಂದು ಸಲ ರಿಂಗ್ ರೋಡಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿದ್ದರು. ಇನ್ನೊಂದು ಸಲ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆತಿದ್ದರು, ಮನೆಯೆಲ್ಲ ಹೊಗೆ. ಅಲ್ಲಿಂದಾಚೆಗೆ ಅಂಗಡಿಗೆ ಹೋಗಬೇಕಾದರೆ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದೆ. ಯಾರಾದರೂ ಕೇಳಿದರೆ ಅತ್ತೆಗೆ ಮಂಡಿನೋವು, ಮಲಗಿದ್ದಾರೆ ಎನ್ನುತ್ತಿದ್ದೆ. ಅತ್ತೆಯನ್ನು ಕೂಡಿಹಾಕಿ ಪೇಟೆ ಸುತ್ತುವ ಸೊಸೆ ಎಂದು ಬೀದಿಯವರ ಬಾಯಿಗೆ ಬೀಳುವುದು ನನಗೆ ಬೇಡವಾಗಿತ್ತು.

ಅವತ್ತೂ ಹಾಗೇ. ಹೋಳಿಗೆಗೆ ಬೇಳೆ ಬೇಯಿಸಿ ಇಳಿಸುವ ಹೊತ್ತಿಗೆ ಗುಬ್ಬಿಯಿಂದ ಮಗಳು ಫೋನ್ ಮಾಡಿದಳು. ಅವಳ ಜೊತೆ ಮಾತಾಡುತ್ತಲೇ ಬ್ಯಾಗ್ ತೆಗೆದುಕೊಂಡು ಬೀಗ ಹಾಕಿ ಆಟೋ ಹತ್ತಿದೆ. ಬ್ಲೌಸ್ ಪೀಸು, ಬಳೆ, ಹೂವು, ಮೂರೇ ಸಾಮಾನು. ಅರ್ಧ ಗಂಟೆಯ ಕೆಲಸ.

ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫುಟ್‌ಪಾತಿನ ತುಂಬ ಬಾಳೆಕಂದು, ತಾವರೆ ಹೂವು, ಸಾಲಾಗಿ ಜೋಡಿಸಿಟ್ಟ ಲಕ್ಷ್ಮಿಯ ಮುಖವಾಡಗಳು. ನಾನು ಬಳೆ ತೆಗೆದುಕೊಂಡು ಹೊರಗೆ ಬಂದಾಗ ಪಕ್ಕದ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಮೂವತ್ತು ಮೂವತ್ತೈದರ ಒಬ್ಬಾತ ಧೊಪ್ಪನೆ ಬಿದ್ದ. ಕೈಕಾಲು ಅದುರುತ್ತಿತ್ತು, ಬಾಯಲ್ಲಿ ನೊರೆ. ಜೊತೆಗಿದ್ದ ಹೆಂಡತಿ ಸೀರೆಯ ಕವರ್ ಬಿಸಾಡಿ ಅವನ ತಲೆ ಹಿಡಿದುಕೊಂಡು ಕೂತಳು.

‘ಫಿಟ್ಸ್ ಕಣ್ರೀ, ಕೈಗೆ ಕಬ್ಬಿಣ ಕೊಡಿ’ ಎಂದು ಗುಂಪಿನಲ್ಲಿ ಯಾರೋ ಹೇಳಿದರು. ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದೇ. ಒಬ್ಬರು ಸ್ಕೂಟರಿನ ಕೀ ತೆಗೆದರು, ಅದು ಕಬ್ಬಿಣವೋ ಅಲ್ಲವೋ ಎಂದು ಇನ್ನೊಬ್ಬರಿಗೆ ಅನುಮಾನ. ನನ್ನ ಗೊಂಚಲಿನಲ್ಲಿ ಅತ್ತೆಯ ಹಳೇ ಟ್ರಂಕಿನ ಬೀಗದ ಕೈಯೂ ಇತ್ತು, ಅಪ್ಪಟ ಕಬ್ಬಿಣದ್ದು. ಮುಂದೆ ನುಗ್ಗಿ ಗೊಂಚಲನ್ನೇ ಅವನ ಅಂಗೈಗೆ ತುರುಕಿದೆ. ಮುಷ್ಟಿ ಬಿಗಿಯಿತು. ಗಾಳಿ ಬಿಡಿ, ಜಾಗ ಬಿಡಿ ಎಂದು ಜನರನ್ನು ಹಿಂದೆ ಸರಿಸಿದವಳೂ ನಾನೇ. ಅದುರುವುದು ನಿಂತ ಮೇಲೆ ನಾಲ್ಕು ಜನ ಅವನನ್ನು ಎತ್ತಿ ಆಟೋಗೆ ಹಾಕಿದರು. ಅವಳ ಚಪ್ಪಲಿ, ಸೀರೆ ಕವರು ಎಲ್ಲವನ್ನೂ ನೆನಪಾಗಿ ಎತ್ತಿಕೊಟ್ಟೆ. ಹೂವಿನಾಕೆ, ‘ಒಳ್ಳೇ ಕೆಲ್ಸ ಮಾಡಿದ್ರಿ ಕಣಕ್ಕ’ ಅಂದಳು. ನನಗೂ ಹಾಗೇ ಅನ್ನಿಸಿತು. ಖುಷಿಯಲ್ಲಿ ಎರಡು ಮೊಳ ಜಾಸ್ತಿಯೇ ಹೂವು ತೆಗೆದುಕೊಂಡು, ಪರ್ಸಿಗಾಗಿ ಬ್ಯಾಗಿನೊಳಗೆ ಕೈ ಹಾಕಿದೆ.

ಬೀಗದ ಕೈ ಇರಲಿಲ್ಲ.

ಆಟೋ ಹೋಗಿ ಐದು ನಿಮಿಷವಾಗಿತ್ತು. ಮನೆಯ ಇನ್ನೊಂದು ಬೀಗದ ಕೈ ಇರುವುದು ಯಜಮಾನರ ಹತ್ತಿರ. ಫೋನ್ ಮಾಡಿ ಆದದ್ದನ್ನು ಹೇಳಿದೆ. ಈಗಲೇ ಹೊರಟರೂ ಒಂದೂವರೆ ಗಂಟೆ ಬೇಕು ಎಂದರು. ಆಮೇಲೆ ಒಂದೇ ಮಾತು ಕೇಳಿದರು. ‘ರೆಗ್ಯುಲೇಟರ್ ಆಫ್ ಮಾಡಿದ್ಯಾ?’

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೇಳೆ ಇಳಿಸಿದ್ದು ನೆನಪಿದೆ, ಮಗಳ ಫೋನು ನೆನಪಿದೆ, ಬೀಗ ಹಾಕಿದ್ದು ನೆನಪಿದೆ. ನಡುವಿನದು ಇಲ್ಲ. ಅತ್ತೆಯ ಮರೆವನ್ನು ಊರಿಗೆಲ್ಲ ಗೊತ್ತಾಗದಂತೆ ಮುಚ್ಚಿಟ್ಟವಳು, ಈಗ ನಾನೇ ಮರೆತಿದ್ದೆ.

‘ಎದುರುಮನೆ ಜಯಮ್ಮನವರಿಗೆ ಫೋನ್ ಮಾಡು. ಕಿಟಕೀಲಿ ನೋಡ್ಲಿ.’

‘ಏನಂತ ಹೇಳ್ಲಿ?’

‘ಇದ್ದದ್ದು ಇದ್ದಂಗೆ ಹೇಳು’ ಎಂದರು.

ಆಟೋದವನು ದೊಡ್ಡಾಸ್ಪತ್ರೆಗೆ ಎನ್ನುತ್ತಿದ್ದ ಎಂದು ಹೂವಿನಾಕೆ ಹೇಳಿದಳು. ನಾನೂ ಒಂದು ಆಟೋ ಹತ್ತಿದೆ. ಮನೆಗೇ ಓಡೋಣವೆಂದರೆ ನಮ್ಮದು ಬಾಗಿಲಿಗೇ ಕೂಡಿಸಿದ ಬೀಗ, ಸುಲಭಕ್ಕೆ ಒಡೆಯುವಂಥದ್ದಲ್ಲ. ಹಬ್ಬದ ಟ್ರಾಫಿಕ್ಕಿನಲ್ಲಿ ಗಾಡಿ ಆಮೆಯಂತೆ ತೆವಳುತ್ತಿತ್ತು. ಜಯಮ್ಮನವರ ನಂಬರ್ ತೆಗೆದು ನಾಚಿಕೆಯಿಂದ ಎರಡು ಸಲ ಹಿಂದೆಗೆದೆ. ಮೂರನೇ ಸಲ ಒತ್ತಿಯೇಬಿಟ್ಟೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬೀದಿಯಲ್ಲಿ ಏನೋ ಆಗಿದೆ, ಎಲ್ಲರೂ ನಮ್ಮ ಮನೆ ಮುಂದೆ ಸೇರಿದ್ದಾರೆ, ಅದಕ್ಕೇ ಎತ್ತುತ್ತಿಲ್ಲ ಎಂದು ಮನಸ್ಸು ಏನೇನೋ ಕಟ್ಟಿಕೊಂಡಿತು. ದೇವರೇ, ಅತ್ತೆ ಮಲಗಿರಲಪ್ಪಾ ಎಂದು ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಅವನನ್ನು ಒಂದು ಮಂಚದ ಮೇಲೆ ಪಕ್ಕಕ್ಕೆ ತಿರುಗಿಸಿ ಮಲಗಿಸಿದ್ದರು. ನರ್ಸಮ್ಮ ಅವನ ಅಂಗೈಗೆ ಬ್ಯಾಂಡೇಜ್ ಸುತ್ತುತ್ತಿದ್ದಳು. ನನ್ನನ್ನು ನೋಡಿದ್ದೇ ಅವನ ಹೆಂಡತಿ ಎದ್ದು ನಿಂತಳು. ನಾನು ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಗೊಂಚಲು ತೆಗೆದಳು.

‘ಯಾರ್ ಮನೆ ಬಾಗ್ಲೋ ಏನೋ ಅಂತ ನಂಗೂ ದಿಗಿಲಾಗಿತ್ತು ಅಕ್ಕ. ಇವ್ರನ್ನ ಬಿಟ್ಟು ಬರೋಕಾಗಲ್ಲ, ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ?’

ಕಬ್ಬಿಣದ ಬೀಗದ ಕೈಗೆ ರಕ್ತ ಅಂಟಿತ್ತು. ಬಿಗಿಹಿಡಿದ ಮುಷ್ಟಿಯಲ್ಲಿ ಅದು ಅವನ ಅಂಗೈಯನ್ನು ಸೀಳಿತ್ತು. ನರ್ಸಮ್ಮ ಜೋರು ಮಾಡಲಿಲ್ಲ. ಕಬ್ಬಿಣಕ್ಕೆ ಫಿಟ್ಸ್ ನಿಲ್ಲುವುದಿಲ್ಲ, ಅದು ತಾನಾಗಿಯೇ ನಿಲ್ಲುತ್ತದೆ, ಪಕ್ಕಕ್ಕೆ ಮಲಗಿಸಿ, ಕೈಗೂ ಬಾಯಿಗೂ ಏನೂ ಕೊಡಬೇಡಿ ಎಂದಷ್ಟೇ ಹೇಳಿದಳು. ತಪ್ಪಾಯಿತು ತಾಯಿ ಎಂದು ಅವನ ಹೆಂಡತಿಯ ಕೈ ಹಿಡಿದುಕೊಂಡೆ. ಅವಳು, ‘ನೀವಾದ್ರೂ ಹತ್ರ ಬಂದ್ರಲ್ಲಕ್ಕ’ ಅಂದಳು. ಅಲ್ಲಿ ನಿಲ್ಲಲೂ ಆಗದೆ, ಬಿಟ್ಟು ಬರಲೂ ಆಗದೆ, ಕೊನೆಗೆ ಓಡಿದೆ.

ಆಟೋ ನಮ್ಮ ಬೀದಿಗೆ ತಿರುಗಿದಾಗ ದೂರದಿಂದಲೇ ಕಂಡಿತು. ಜಯಮ್ಮನವರು ನಮ್ಮ ಮನೆಯ ಕಿಟಕಿಗೆ ಅಂಟಿಕೊಂಡು ನಿಂತಿದ್ದರು. ಆಟೋ ನಿಲ್ಲುವ ಮೊದಲೇ ಇಳಿದು ಓಡಿದೆ.

ಹತ್ತಿರ ಹೋದರೆ ಕಿಟಕಿಯ ಹೊರಗೆ ಸ್ಟೂಲಿನ ಮೇಲೆ ಒಂದು ಮೊರ, ಮೊರದ ತುಂಬ ಬಿಡಿ ಹೂವು. ಜಯಮ್ಮನವರು ಒಂದೊಂದೇ ಹಿಡಿ ಕಂಬಿಯೊಳಗೆ ಕೊಡುತ್ತಿದ್ದಾರೆ. ಒಳಗೆ ನಮ್ಮತ್ತೆ ಕುರ್ಚಿಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದಾರೆ. ಮಗನ ಹೆಸರು ಮರೆತವರ ಬೆರಳುಗಳು ಹೂ ಕಟ್ಟುವುದನ್ನು ಮರೆತಿರಲಿಲ್ಲ.

ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳುತ್ತಲೇ ಅತ್ತುಬಿಟ್ಟೆ. ‘ಫೋನ್ ಮನೇಲೇ ಬಿಟ್ಬಂದೆ ಕಣಮ್ಮ’ ಎಂದರು ಜಯಮ್ಮನವರು, ‘ನೀನು ಆಚೆ ಹೋದಾಗೆಲ್ಲ ನಾನ್ ಇಲ್ಲೇ ನಿಂತ್ಕೊಂಡು ಮಾತಾಡಿಸ್ತಿರ್ತೀನಿ. ಇಲ್ದಿದ್ರೆ ಬಾಗ್ಲು ಬಡೀತಾರೆ, ಪಾಪ.’

‘ನಿಮಗೆ ಗೊತ್ತಿತ್ತಾ?’

‘ವರ್ಷದ ಮೇಲಾಯ್ತು. ನೀನಾಗಿ ಹೇಳ್ದೆ ನಾವ್ ಹೆಂಗ್ ಕೇಳೋದು?’

ಬೀಗ ತೆಗೆದು ಮೊದಲು ಅಡುಗೆಮನೆಗೆ ಓಡಿದೆ. ರೆಗ್ಯುಲೇಟರ್ ಆನ್ ಆಗಿಯೇ ಇತ್ತು. ಕಿಟಕಿಯ ಹೂವು ಬಿಟ್ಟು ಅತ್ತೆ ಒಲೆಯ ಕಡೆ ಬಂದಿರಲಿಲ್ಲ, ಅಷ್ಟೇ.

ಈಗ ನಮ್ಮ ಮನೆಗೆ ಹೊಸದಾಗಿ ಮಾಡಿಸಿದ ಮೂರನೇ ಬೀಗದ ಕೈ ಜಯಮ್ಮನವರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ನಾನು ಹೊರಗೆ ಹೋದರೆ ಅವರು ಬಾಗಿಲು ತೆಗೆದು ಒಳಗೇ ಬಂದು ಕೂರುತ್ತಾರೆ. ಬೀದಿಯಲ್ಲಿ ಯಾರಾದರೂ ಬಿದ್ದರೆ ಈಗಲೂ ಓಡುತ್ತೇನೆ, ಕಬ್ಬಿಣ ಮಾತ್ರ ಕೊಡುವುದಿಲ್ಲ.

ಅವತ್ತು ಅಡುಗೆಮನೆಯಿಂದ ಹೊರಗೆ ಬಂದಾಗ ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ಗುರುತು ಸಿಕ್ಕಲಿಲ್ಲ. ಕಟ್ಟಿದ ಮಾಲೆಯಿಂದ ಒಂದು ತುಂಡು ಹರಿದು ನನ್ನ ಕೈಗಿಟ್ಟು, ‘ಯಾರವ್ವ ನೀನು? ಪುಣ್ಯಾತ್ಗಿತ್ತಿ, ಬಾಗ್ಲು ತೆಗ್ದೆಯಲ್ಲ. ಮುಡ್ಕೊ’ ಅಂದರು.

ಎರಡು ವರ್ಷ ಆ ಬಾಗಿಲಿಗೆ ಬೀಗ ಹಾಕಿದವಳೂ ನಾನೇ ಎಂದು ಅವರಿಗೆ ಹೇಗೆ ಹೇಳಲಿ? ಹೂವು ಮುಡಿದುಕೊಂಡೆ.