ಆಮೇನ್ ತಲುಪುವ ತನಕ

ಮನೆಯ ಕನ್ನಡಿಗಳಿಗೆಲ್ಲ ಹಾಸುಬಟ್ಟೆ ಮುಚ್ಚಿದ್ದಾಯಿತು. ಆದರೆ ವೀಡಿಯೊ ಕರೆಗೆ ತೆರೆದಿಟ್ಟ ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ನಮ್ಮದೇ ಮುಖ ತೋರಿಸುವ ಪುಟ್ಟ ಚೌಕವೂ ಕನ್ನಡಿಯೇ ಅಲ್ಲವೇ, ಮಿತ್ರರೇ? ಗಲ್ಫಿನ ಈ ದ್ವೀಪದ ಬುದಯ್ಯ ಎಂಬ ಊರಲ್ಲಿ ನಾನು ಅಡುಗೆ, ಆರೈಕೆ ನೋಡಿಕೊಳ್ಳುವ ಯಹೂದಿ ಮುದುಕಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ಅವರಿಗೆ ನಾನು ಬಿಂತಿ, ಮಗಳು. ಲಂಡನ್ನಿನಲ್ಲಿ ಒಡಹುಟ್ಟಿದ ಅಣ್ಣ ತೀರಿಕೊಂಡಾಗಿನಿಂದ ತಗ್ಗು ಮಣೆಯ ಮೇಲೆ ಕುಳಿತಿದ್ದ ಅವರು, ಆ ಚೌಕದ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿಯೊಂದನ್ನು ತಾವೇ ಒತ್ತಿದರು. "ಸೂತಕದಲ್ಲಿ ಮುಖ ನೋಡಿಕೊಳ್ಳಬಾರದು, ಬಿಂತಿ."

ಮೃತರಿಗಾಗಿ ಹೇಳುವ ಅವರ ಪ್ರಾರ್ಥನೆಗೆ ಹತ್ತು ಗಂಡಸರು ಒಂದೇ ಕೋಣೆಯಲ್ಲಿ ಸೇರಬೇಕಂತೆ. ಬೆರಳೆಣಿಕೆಯ ಯಹೂದಿ ಮನೆಗಳುಳಿದ ಈ ದ್ವೀಪದಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಲಂಡನ್ನಿನ ಕೋಣೆ ತುಂಬಿತ್ತು. ಪರದೆಯ ಈಚೆಗಿರುವವರು ನಡುನಡುವೆ 'ಆಮೇನ್' ಎಂದು ದನಿಗೂಡಿಸಿದರೆ ಸಾಕು. ತಂಗಿ ಅಣ್ಣನಿಗೆ ಕೊಡಲು ಉಳಿದದ್ದು ಅದೊಂದೇ. ಖಾಲಾ ಪ್ರತಿ ಸಲವೂ ಎದೆಯಾಳದಿಂದ ಹೇಳಿದರು.

ಚದುರಿಹೋದ ಬಳಗವನ್ನೆಲ್ಲ ಅಂಗೈಯಗಲದ ಗಾಜಿನಲ್ಲಿ ಕೂಡಿಸುವ ಈ ಯಂತ್ರಕ್ಕೆ ನಾನೂ ಋಣಿಯೇ. ಊರಿನ ಮದುವೆ, ಸತ್ತವರ ಬೊಜ್ಜದೂಟಗಳನ್ನೆಲ್ಲ ಕಂಡದ್ದು ಅದರಲ್ಲೇ. ಆದರೆ ದೂರದವರಿಗೆ ಕಣ್ಣು ಕೊಡುವಾಗ ಅದರದ್ದು ಧಾರಾಳ ಕೈ, ಬಾಯಿ ಕೊಡುವಾಗ ಮಾತ್ರ ಜಿಪುಣತನ.

ಪ್ರಾರ್ಥನೆ ಮುಗಿದು ಅಲ್ಲಿನವರು ಕೋಟು ತೊಟ್ಟು ಹೊರಟರು. ತಟ್ಟೆ ಎತ್ತುತ್ತಿದ್ದ ಅಣ್ಣನ ಮೊಮ್ಮಗಳು ಪರದೆಯತ್ತ ಬಗ್ಗಿದಳು.

"ಆಂಟಿ, ಇನ್ನೂ ಇದ್ದೀರಾ? ಮ್ಯೂಟ್ ತೆಗೀರಿ. ದೂರದ ಸ್ವರ ತಡವಾಗಿ ಬಂದು ಗೋಜಲಾಗುತ್ತೆ ಅಂತ ಎಲ್ಲರದ್ದೂ ಬಂದ್ ಮಾಡಿದ್ದೆ."

ಪಟ್ಟಿಯ ಅಂಚೆತ್ತಿ ನೋಡಿದೆ. ಅಡ್ಡಗೀಟು ಹೊಡೆದ ಮೈಕಿನ ಗುರುತು ಅದರಡಿಯಲ್ಲೇ ಇತ್ತು. ಒತ್ತಿದೆ.

"ಹಾಗಾದರೆ ನಾನು ಅಂದದ್ದು ಒಂದೂ ಕೇಳಲಿಲ್ಲವಾ?" ಎಂದರು ಖಾಲಾ.

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಈಗ ಹೇಳಿ ಖಾಲಾ, ಈಗ ಕೇಳ್ತದೆ," ಅಂದೆ ನಾನು.

"ಪ್ರಾರ್ಥನೆ ಇಲ್ಲದೆ ಹೇಳಿದ ಆಮೇನನ್ನು ನಮ್ಮಲ್ಲಿ ಅನಾಥ ಅಂತಾರೆ, ಬಿಂತಿ. ಹೇಳಬಾರದು."

ಅವರು ಪರದೆಯಲ್ಲಿನ ಖಾಲಿ ಕುರ್ಚಿಗಳತ್ತ, ಹುಡುಗಿಯ ಕೈಯ ತಟ್ಟೆಯತ್ತ ಕಣ್ಣು ಹಾಯಿಸಿದರು. ಆಮೇಲೆ ಕೇಳಿದರು: "ಆ ತಟ್ಟೆಯಲ್ಲಿ ಏನುಂಟು?"

"ಖರ್ಜೂರ, ಆಂಟಿ."

"ಒಂದು ತಗೋ. ತಿನ್ನುವ ಮೊದಲಿನ ಸ್ತುತಿಯನ್ನು ಅಜ್ಜನ ಹೆಸರಲ್ಲಿ ಹೇಳು."

"ಅರ್ಧಂಬರ್ಧ ಬರೋದು. ನಗಬೇಡಿ."

"ನಿನ್ನಜ್ಜನೂ ಅರ್ಧ ನುಂಗಿಯೇ ಹೇಳ್ತಿದ್ದ, ಹೊಟ್ಟೆಬಾಕ!"

ಹುಡುಗಿ ತೊದಲುತ್ತ ಹೇಳಿ ಮುಗಿಸಿದಳು. ಖಾಲಾ ಆಮೇನ್ ಅಂದರು; ಈ ಸಲ ಮೆಲ್ಲಗೆ. ಆ ಸ್ವರ ಸಮುದ್ರ ದಾಟುವಷ್ಟು ಹೊತ್ತು ಅವಳು ಖರ್ಜೂರವನ್ನು ತುಟಿಯ ಬಳಿ ಹಿಡಿದೇ ಕಾದಳು. ಕೇಳಿಸಿದ ಮೇಲೆಯೇ ಬಾಯಿಗಿಟ್ಟಳು.