ಕೂಸಿನ ಮೇಲೆ ಹಚ್ಚಿದ ಆಣೆ

ಮಗಳ ತಲೆಯ ಮೇಲೆ ಗಂಡನ ಕೈಯನ್ನು ಎಳೆದು ಇಡಿಸಿದವಳು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಧೈರ್ಯ ಬಂದೀತು.

ನನ್ನ ಗಂಡ ಮಲ್ಲೇಶ ಹನುಮಸಾಗರದ ಆಚೆಯ ಸಣ್ಣ ಹಳ್ಳಿಯವರು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಹದಿನಾರನೇ ವಯಸ್ಸಿಗೆ ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಹಮಾಲಿಗೆ ಬಂದರು. ಭತ್ತದ ಚೀಲವೆಂದರೆ ಎಪ್ಪತ್ತೈದು ಕೇಜಿ. ಲಾರಿಯಿಂದ ಬೆನ್ನಿಗೆ ಹಾಕಿಕೊಂಡು, ಹಲಗೆ ಏರಿ, ಒಂದರ ಮೇಲೊಂದು ಒಟ್ಟಬೇಕು. ಸಂಜೆಗೆ ಹಮಾಲರು ಕುಡಿಯುತ್ತಾರೆ. ಅದನ್ನು ಅವರು ಕುಡಿತ ಎನ್ನುವುದಿಲ್ಲ, ಮೈಕೈ ನೋವಿನ ಔಷಧ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ನಂಬಿದ್ದೆ. ಅವರು ಕುಡಿದು ಹೊಡೆದವರಲ್ಲ, ಬೈದವರಲ್ಲ. ಕುಡಿದಾಗ ಇನ್ನೂ ಮೆತ್ತಗಾಗುತ್ತಿದ್ದರು. ಓಣಿಯ ನಾಯಿಯನ್ನೂ ನಿಲ್ಲಿಸಿ, “ಉಂಡ್ಯಾ ತಮ್ಮಾ?” ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ.

ಆ ನಗು ನಿಂತದ್ದು ನಮ್ಮ ಹೇಮಾವತಿಗೆ ಎರಡು ತುಂಬಿದಾಗ. ಒಂದು ಭಾನುವಾರ, “ಕೂಸಿಗೆ ಬಾಳೆಹಣ್ಣು ಕೊಡಿಸಿಕೊಂಡು ಬರ್ತೀನಿ” ಎಂದು ಎತ್ತಿಕೊಂಡು ಹೋದರು. ಎರಡು ತಾಸಾದರೂ ಬರಲಿಲ್ಲ. ಹುಡುಕುತ್ತಾ ಹೋದೆ. ಕಾಲುವೆಯ ದಂಡೆಯ ಜಾಲಿ ಗಿಡದ ಕೆಳಗೆ ಅವರು ಬಾಯಿ ತೆರೆದು ಮಲಗಿದ್ದರು. ಅಲ್ಲಿಂದ ಹತ್ತು ಹೆಜ್ಜೆಗೆ, ನೀರಿನ ಅಂಚಿಗೆ, ಹೇಮಾ ಕೂತು ಹಸಿ ಮಣ್ಣು ಕೆದರುತ್ತಿದ್ದಳು. ಕಾಲುವೆ ತುಂಬಿ ಹರಿಯುತ್ತಿತ್ತು. ನಾನು ಕೂಗಲಿಲ್ಲ. ಕೂಗಿದರೆ ತಿರುಗಿ ನೋಡುತ್ತಾಳೆ, ತಿರುಗಿದರೆ ಜಾರುತ್ತಾಳೆ. ಚಪ್ಪಲಿ ಬಿಟ್ಟು, ಹಿಂದಿನಿಂದ ಹೋಗಿ, ರಟ್ಟೆ ಹಿಡಿದು ಎತ್ತಿಕೊಂಡೆ.

ಆ ವಾರವೇ ಅವರನ್ನು ಅವರ ಊರಿನ ದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋದೆ. ಅಲ್ಲಿ ಪೂಜೆ ಮಾಡುವಾಕೆ ಮಾರೆವ್ವ. ಅರವತ್ತು ದಾಟಿದ ಗಟ್ಟಿ ಮುದುಕಿ. ಆ ಕಡೆ ಕುಡಿತ ಬಿಡುವವರು ಅಮ್ಮನ ಮುಂದೆ ಆಣೆ ಮಾಡುವುದು ರೂಢಿ. ನಾನು ಅವರ ಕೈ ಹಿಡಿದು ಹೇಮಾಳ ತಲೆಯ ಮೇಲೆ ಇಟ್ಟೆ.

ಮಾರೆವ್ವ ತಡೆದಳು. “ಕೂಸಿನ್ಯಾಕ ನಡುವ ತರ್ತೀ ತಂಗಿ? ಕೈಯಾಗ ಟೆಂಗಿನಕಾಯಿ ಕೊಡು, ಸಾಕು.”

“ಟೆಂಗಿನಕಾಯಿಗೆ ಇವರು ಹೆದರೂದಿಲ್ಲಬೇ.”

“ಇವತ್ತ ಆತ ಹೆದರ್ತಾನ. ನಾಳಿಂದ ನೀ ಹೆದರ್ತೀ. ನೋಡ್ಕೋ.”

ನಾನು ಕೇಳಲಿಲ್ಲ. ‘ಕುಡಿದರೆ ಈ ಕೂಸನ್ನು ಕಳಕೊಳ್ಳಲಿ’ ಎಂಬ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದೆ. ಅವರು ತಲೆ ತಗ್ಗಿಸಿ “ಹೂಂ” ಎಂದರು. ಹೆದರಿ ಕೂಸಿನ ತಲೆಯಿಂದ ಕೈ ತೆಗೆದುಬಿಟ್ಟರು. ಅದನ್ನು ನೋಡಿ ನನಗೆ ಸಮಾಧಾನವಾಗಿತ್ತು.

ಅವರು ಹಮಾಲಿ ಬಿಟ್ಟರು. ಅದೇ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಮಷೀನಿನ ಕೆಲಸಕ್ಕೆ ಸೇರಿಕೊಂಡರು. ಮೂವತ್ನಾಲ್ಕು ವರ್ಷದ ಗಂಡಸು, ಇಪ್ಪತ್ತರ ಹುಡುಗರಿಂದ ದಾರ ಪೋಣಿಸುವುದನ್ನು ಕಲಿಯಬೇಕು. ಒಮ್ಮೆ ಸೂಜಿ ಬೆರಳನ್ನೇ ಹೊಲಿಯಿತು. “ಮಲ್ಲೇಶಣ್ಣ ಚೀಲಾ ಬಿಟ್ಟು ತನ್ನನ್ನ ತಾನು ಪ್ಯಾಕ್ ಮಾಡಾಕತ್ಯಾನ” ಎಂದು ಹುಡುಗರು ನಕ್ಕರಂತೆ. ಮನೆಗೆ ಬಂದು ಅದನ್ನು ಅವರೇ ಹೇಳಿ ನಕ್ಕರು. ಬೆರಳಿಗೆ ಅರಿಷಿಣ ಹಚ್ಚುವಾಗ ಅವರ ಕಣ್ಣು ನಗದಿದ್ದುದನ್ನು ನಾನು ಕಂಡೆ.

ಎಂಟು ತಿಂಗಳು ಹೀಗೇ ಹೋಯಿತು. ನಾನು ನೋಟುಬುಕ್ಕಿನಲ್ಲಿ ದಿನಕ್ಕೆ ಎರಡೇ ಮಾತು ಬರೆಯುತ್ತಿದ್ದೆ: ಇವತ್ತು ಕುಡಿದಿಲ್ಲ. ಕೂಸು ಆರಾಮ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಬರೆದು ನನಗೆ ಅವು ಬೇರೆ ಬೇರೆ ಎಂಬುದೇ ಮರೆತುಹೋಯಿತು. ಹೇಮಾ ಎಡವಿ ಬಿದ್ದರೆ ನಾನು ಮೊದಲು ನೋಡುತ್ತಿದ್ದುದು ಅವಳ ಮೊಣಕಾಲನ್ನಲ್ಲ, ಅವಳಪ್ಪನ ಮುಖವನ್ನು. ಅವಳು ಕೆಮ್ಮಿದರೂ ಎದೆ ಹಾರುತ್ತಿತ್ತು.

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಗುಳಿಗೆಗೆ ಇಳಿಯಲಿಲ್ಲ. ಎರಡನೆಯ ದಿನ ಅವರು ಅವಳ ಹಣೆ ಮುಟ್ಟಿ, ಬಿಸಿ ಹೆಂಚು ಮುಟ್ಟಿದವರಂತೆ ಕೈ ಹಿಂದಕ್ಕೆಳೆದರು. ಆ ಕೈ ಎಳೆದುಕೊಂಡ ರೀತಿಗೇ ನನಗೆ ಸಂಶಯ ಬಂತು.

“ಕುಡದೀರೇನ್ರಿ?”

“ಇಲ್ಲ.”

“ನನ್ನ ನೋಡಿ ಹೇಳ್ರಿ.”

“ಇಲ್ಲ ಅಂದ್ನೆಲ್ಲ” ಎಂದರು, ಗೋಡೆ ನೋಡುತ್ತಾ.

ದವಾಖಾನೆಗೆ ಸೇರಿಸಿದೆವು. ರಕ್ತ ತಪಾಸಣೆ ಮಾಡಿ ಟೈಫಾಯ್ಡ್ ಎಂದರು. ಕುಡಿಯುವ ನೀರು ಕೆಟ್ಟಿರಬೇಕು, ಕುದಿಸಿ ಕುಡಿಸಿ ಎಂದರು. ನನಗೆ ಒಂದೂ ಕಿವಿಗೆ ಇಳಿಯಲಿಲ್ಲ. ಸಲೈನಿನ ಹನಿ ನೋಡುತ್ತಾ, ನಾನು ಗುಡಿಯಲ್ಲಿ ಆಡಿದ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೆ.

ಬುತ್ತಿ ತಂದ ಪಕ್ಕದ ಮನೆಯ ಜುಬೇದಾಬೀಗೆ ಎಲ್ಲವನ್ನೂ ಹೇಳಿ ಅತ್ತೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನಮ್ಮ ನಾಹೀದಾಗೂ ಇದ ಜ್ವರ ಬಂದೈತಿ. ಹಿಂದಿನ ಓಣ್ಯಾಗ ಇನ್ನ ಮೂರು ಹುಡುಗ್ರಿಗೆ ಐತಿ. ನಿನ್ನ ಗಂಡ ಅವರೆಲ್ಲರ ತಲಿ ಮ್ಯಾಲೂ ಕೈ ಇಟ್ಟಿದ್ನೇನ?” ಎಂದಳು. ಅಷ್ಟರಲ್ಲೂ ನನಗೆ ನಗು ಬಂತು, ಆದರೆ ಹೆದರಿಕೆ ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಾಲು ತರುತ್ತೇನೆಂದು ಹೋದವರು ತಿರುಗಿ ಬರಲಿಲ್ಲ. ಫೋನು ಬಂದ್. ಸಾರಾಯಿ ಅಂಗಡಿಯಲ್ಲಿ ಕೂತಿದ್ದಾರೆ ಎಂದುಕೊಂಡೆ. ಆಮೇಲೆ ಕಾಲುವೆ ನೆನಪಾಯಿತು. ಅದಕ್ಕಿಂತ ಅಂಗಡಿಯೇ ಆಗಿರಲಿ ಎಂದು ಬೇಡಿಕೊಂಡೆ. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಾರೆವ್ವನ ದನಿ.

“ನಿನ್ನ ಗಂಡ ಗುಡ್ಯಾಗ ಕುಂತಾನ ತಂಗಿ. ಬಂದಾಗಿಂದ ನೀರು ಮುಟ್ಟಿಲ್ಲ. ಕೂಸಿನ ಬಿಡು, ನನ್ನ ತಗೋ ಅಂತ ಅಮ್ಮನ ಕೂಡ ವ್ಯಾಪಾರ ಹಚ್ಯಾನ.”

“ಕುಡದು ಬಂದಾರೇನ್ರಿ?”

“ಈಗ ಇಲ್ಲ. ಮುಂದಿಂದು ಆತನ ಬಾಯಿಲೇ ಕೇಳು.”

ಅವಳು ಫೋನನ್ನು ಅವರ ಕೈಗೆ ಕೊಟ್ಟಳು. “ಒಮ್ಮೆ ಕುಡದೆ” ಎಂದರು. “ಬೆರಳು ಹೊಲದ ದಿನ. ಹುಡುಗ್ರು ನಕ್ಕಿದ್ದು ತಡಕೊಳ್ಳಾಕ ಆಗಲಿಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ? ಕುಡದೆ ಅಂದ್ರ, ನಿನ್ನ ಕೂಸಿನ ಕೊಂದೆ ಅಂದಂಗ ಆಗ್ತಿತ್ತಲ್ಲ.”

ಅರಿಷಿಣ ಹಚ್ಚುವಾಗ ಅವರ ಪಕ್ಕದಲ್ಲೇ ಕೂತಿದ್ದೆ. ನನಗೆ ವಾಸನೆ ಬಂದಿರಲಿಲ್ಲ. ಆ ಸಂಜೆ ಬೆಲ್ಲ ತರುತ್ತೇನೆಂದು ಹೋದವರು ನಾನು ಮಲಗಿದ ಮೇಲೆ ಬಂದಿದ್ದರು, ಕುಡಿದದ್ದು ಆಗ ಇರಬೇಕು. ಆಣೆಗೆ ಹೆದರಿ ಅವರು ತಿಂಗಳುಗಟ್ಟಲೆ ಕುಡಿಯದೆ ಇದ್ದದ್ದು ಸುಳ್ಳಲ್ಲ. ಅದೇ ಆಣೆಗೆ ಹೆದರಿ, ಆ ಸಂಜೆಯಿಂದ ಒಬ್ಬರೇ ಮಗಳ ಸಾವನ್ನು ಹೊತ್ತು ತಿರುಗಿದ್ದರು. ಎಪ್ಪತ್ತೈದು ಕೇಜಿಯ ಚೀಲ ಹೊರುವಾಗಲಾದರೂ ಹಿಂದಿನಿಂದ ಒಬ್ಬರು ಕೈ ಹಚ್ಚುತ್ತಿದ್ದರು.

ಮಾರೆವ್ವ ಫೋನು ಕಸಿದುಕೊಂಡಳು. “ಆಣಿ ಹಚ್ಚಿದಾಕಿ ನೀನು. ಬಿಡಸಬೇಕಾದಾಕೀನೂ ನೀನ. ಕೂಸು ಆರಾಮ ಆದಮ್ಯಾಲ ಬಾ. ಈತನ್ನ ಉಣಿಸಿ ಬಸ್ಸಿಗೆ ಹತ್ತಸ್ತೀನಿ.”

ಐದನೆಯ ದಿನ ಜ್ವರ ಇಳಿಯಿತು. ಹೇಮಾ ಮಂಡಕ್ಕಿ ಬೇಕೆಂದು ಹಟ ಮಾಡಿದಳು. ಮನೆಗೆ ಬಂದೆವು. ಆಣೆ ಬಿಡಿಸಲು ಹೋಗುವುದನ್ನು ಮಾತ್ರ ನಾನು ಈ ಮಂಗಳವಾರ, ಬರುವ ಮಂಗಳವಾರ ಎಂದು ಮುಂದೂಡಿದೆ. ಮಗಳನ್ನು ಬಿಡಿಸಬೇಕು, ನಿಜ. ಆದರೆ ಬಿಡಿಸಿದ ಮೇಲೆ ಅವರನ್ನು ಹಿಡಿದಿಡುವುದು ಏನು? ನನ್ನ ಕೈಯಲ್ಲಿದ್ದ ಹಗ್ಗ ಅದೊಂದೇ. ಅದರ ಇನ್ನೊಂದು ತುದಿ ಕೂಸಿನ ಕೊರಳಿಗಿತ್ತು.

ಕೊನೆಗೆ ಹೋದೆವು. ಮಾರೆವ್ವ ಅರಿಷಿಣದ ನೀರಿನ ತಂಬಿಗೆ ನನ್ನ ಕೈಗೆ ಕೊಟ್ಟು, “ನಾ ಹಚ್ಚಿದ ಆಣಿ ನಾನ ತಗೀತೀನಿ ಅಂತ ಮೂರು ಸಲ ಅನ್ನು” ಎಂದಳು. ಎರಡು ಸಲ ಅಂದೆ. ಮೂರನೆಯದಕ್ಕೆ ತಂಬಿಗೆ ಕೆಳಗಿಳಿಸಿದೆ. ಅವರ ಕಡೆ ನೋಡಿದೆ. ಅವರೂ ನನ್ನಷ್ಟೇ ಹೆದರಿದ್ದರು. ಕೂಸಿನ ತಲೆಯ ಮೇಲೆ ತಂಬಿಗೆ ಬಗ್ಗಿಸಿ, ಮೂರನೆಯ ಸಲವೂ ಅಂದುಬಿಟ್ಟೆ. ತಣ್ಣೀರು ಬಿದ್ದು ಹೇಮಾ ಚೀರಿದಳು.

“ಈಗ ನನ್ನ ಮ್ಯಾಲ ಹಚ್ಚು” ಎಂದರು ಅವರು.

“ಯಾರ ಮ್ಯಾಲೂ ಬ್ಯಾಡ. ಕುಡಿಯೂ ಹಂಗಾದ್ರ ನನಗ ಹೇಳ್ರಿ. ಕುಡದ್ರೂ ಹೇಳ್ರಿ. ಬಾಗ್ಲಾ ತಗೀತೀನಿ, ಊಟ ಹಾಕ್ತೀನಿ. ಆ ದಿನ ಕೂಸನ್ನ ಮಾತ್ರ ಕೈಯಾಗ ಕೊಡೂದಿಲ್ಲ.”

ಮಾರೆವ್ವ ಹುಬ್ಬೇರಿಸಿದಳು. “ಇದು ಅಮ್ಮನ ಆಣಿಗಿಂತ ಕಠಿಣ ಐತಿ ನೋಡಪಾ.”

ಹಿಂದಿರುಗುವಾಗ ಬಸ್ಸಿನಲ್ಲಿ ಹೇಮಾ ನನ್ನ ತೊಡೆಯ ಮೇಲೆ ನಿದ್ದೆಹೋದಳು. ತಾವರಗೇರಾ ದಾಟಿದ ಮೇಲೆ ಅವರು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದು ಕೂತರು. ಗಂಗಾವತಿ ಹತ್ತಿರ ಬಂದಾಗ, ನನಗೊಬ್ಬಳಿಗೇ ಕೇಳುವಂತೆ, “ಏ, ಈಗ ಭಾಳ ಆಶಾ ಆಗೇತಿ” ಎಂದರು.

ಅವರು ಕುಡಿಯುತ್ತಿದ್ದ ಅಂಗಡಿ ಇರುವುದು ಬಸ್ ಸ್ಟ್ಯಾಂಡಿನ ಎದುರಿಗೇ. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಕುಡಿಯುವ ಮೊದಲು ನನಗೆ ಹೇಳಿರಲಿಲ್ಲ.

“ಹಂಗಾರ ಸ್ಟ್ಯಾಂಡಿನ ತನಕ ಹೋಗೂದು ಬ್ಯಾಡ” ಎಂದೆ. ಕಂಡಕ್ಟರನಿಗೆ ಹೇಳಿ ಊರಿನ ಅಂಚಿಗೇ ಇಳಿದೆವು. ಮನೆ ಅಲ್ಲಿಂದ ಎರಡು ಮೈಲಿ. ಅವರು ಚೀಲ ಹಿಡಿದರು, ಕೂಸನ್ನು ನಾನು ಹೊತ್ತೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಪ್ರತಿ ತಿರುವಿಗೂ ಅವರು ಜೊತೆಗಿದ್ದಾರೆಯೇ ಎಂದು ನೋಡುತ್ತಾ, ಹೆದರುತ್ತಲೇ ನಡೆದೆ.