ಇಪ್ಪತ್ತೊಂದನೇ ಸ್ಟ್ಯಾಂಡು
ಗಿಸ್ಬರ್ನ್ ಬಂದರಿನ ಕಡೆಯ ಸಂಶೋಧನಾ ಹಡಗುಗಳಲ್ಲಿ ತಾಮಾತಿಯಂಥ ಮೇಸ್ತ್ರಿ ಒಬ್ಬನಾದರೂ ಇರುತ್ತಾನೆ. ಕಡಲತಳದಲ್ಲಿ ಕೂತು ನೆಲದ ನಡುಕ ಬರೆದುಕೊಳ್ಳುವ ಯಂತ್ರಗಳಿಗೆಲ್ಲ ಅವನು ತನ್ನ ಅತ್ತೆಯರ ಹೆಸರಿಟ್ಟಿದ್ದಾನೆ. ಒಳಗೆ ನೀರು ನುಗ್ಗದಂತೆ ತಡೆಯುವ ಮುಚ್ಚಳದ ರಬ್ಬರ್ ಬಳೆಗೆ ತಾನೇ ಗ್ರೀಸು ಸವರುತ್ತಾನೆ. ಅದರಲ್ಲೊಂದು ಕೂದಲು ಸಿಕ್ಕರೆ ಹಡಗಿನವರ ತಲೆಗಳನ್ನೆಲ್ಲ ಅನುಮಾನದಿಂದ ನೋಡುತ್ತಾನೆ. “ಕೆಸರಿದೆ, ಹುಷಾರು ಅತ್ತೆ” ಎಂದು ಹೇಳದೆ ಒಂದನ್ನೂ ನೀರಿಗಿಳಿಸುವವನಲ್ಲ. ಯಂತ್ರ ಇಪ್ಪತ್ತೇ ಆದರೂ ಡೆಕ್ಕಿನ ಮೇಲೆ ಅವನಿಡುವುದು ಇಪ್ಪತ್ತೊಂದು ಸ್ಟ್ಯಾಂಡು. ಖಾಲಿಯಿರುವುದು ಹೂಯಾ ಅತ್ತೆಯದು. ಹೋದ ವರ್ಷ ಎಷ್ಟು ಕರೆದರೂ ಅವಳು ಕಡಲತಳ ಬಿಟ್ಟು ಮೇಲೆ ಬರಲಿಲ್ಲ. “ಅತ್ತೆ ಅಲ್ಲೇ ಮನೆ ಮಾಡಿಯಾಯ್ತು, ಬಿಡಿ ಅಂಕಲ್” ಎಂದು ಕ್ಯಾಪ್ಟನ್ ರೇಗಿಸಿದರೂ, ಆ ಜಾಗ ದಾಟುವಾಗಲೆಲ್ಲ ತಾಮಾತಿ ನೀರೊಳಗೆ ಸದ್ದು ಕಳಿಸಿ ಕರೆಯುತ್ತಲೇ ಇದ್ದ. ಈ ಸಲ, ಹನ್ನೊಂದನೇ ಕರೆಗೆ, ಅವಳು ಕಾಲಿನ ಕಬ್ಬಿಣದ ಭಾರ ಕಳಚಿ, ಕಿತ್ತಳೆ ಬಾವುಟ ಎತ್ತಿಕೊಂಡು ಮೇಲೆ ಬಂದೇಬಿಟ್ಟಳು! ಹಡಗಿಗೆ ಹಡಗೇ ಕೇಕೆ ಹಾಕಿತು. ತಳದ ಹೂಳೆಷ್ಟು ದಪ್ಪ, ಅದರಡಿಯ ಬಂಡೆ ಎಂಥದ್ದು, ಎಲ್ಲ ಇವಳೊಳಗೇ ಇದೆಯೆಂದು ವಿಜ್ಞಾನಿಗಳು ಓಡಿಬಂದರೆ, ಅವಳನ್ನು ಅವಳ ಸ್ಟ್ಯಾಂಡಿನಲ್ಲಿ ಕೂರಿಸಿದ್ದ ತಾಮಾತಿ ಸಿಹಿನೀರಿನ ಪೈಪು ಅಡ್ಡ ಹಿಡಿದ: “ಅತ್ತೆ ಈಗಷ್ಟೇ ಮನೆಗೆ ಬಂದಿದ್ದಾರೆ. ಮೊದ್ಲು ಸ್ನಾನ ಆಗ್ಲಿ, ಸುದ್ದಿ ಆಮೇಲೆ ಕೇಳಿ.”